ಅರಳಿ ಎಲೆಯ ಜೋಡಿ ದೀಪ

ನಲವತ್ತು ವರ್ಷ ಬೀಟೆ ಹಲಗೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಆನೆ, ನವಿಲು ಮಾಡಿದವನು ನಾನು. ಕಣ್ಣು ಮಂಜಾದ ಮೇಲೆ ಆ ಕೆಲಸ ನಿಂತಿತು. ಸೊಸೆ ಸೌಮ್ಯಶ್ರೀ ಸುಮ್ಮನೆ ಕೂರಲು ಬಿಡಲಿಲ್ಲ.

"ಗೋಡೆಗೆ ಹಾಕೋ ದೀಪ ಮಾಡಿ ಮಾವ. ಅದಕ್ಕೆ ಅಷ್ಟು ಸೂಕ್ಷ್ಮ ಬೇಡ."

ಶ್ರೀರಾಂಪುರದಲ್ಲಿ ಹೊಸ ಮನೆ ಕಟ್ಟಿಸಿದ ಪಂಕಜಮ್ಮನವರು ಮೊದಲ ಗಿರಾಕಿ. ಬಾಗಿಲಿನ ಎರಡೂ ಬದಿಗೆ ಒಂದು ಜೋಡಿ ಕೇಳಿದರು. ಅವರು ಒಪ್ಪಿದರೆ ನನ್ನ ಕೈಗೆ ಮತ್ತೆ ಕೆಲಸ, ಇಲ್ಲದಿದ್ದರೆ ಉಳಿ, ಗರಗಸ ಎಲ್ಲ ಅಟ್ಟಕ್ಕೆ.

ಅರಳಿ ಎಲೆಗಳನ್ನು ಒಂದು ತಿಂಗಳು ನೀರಲ್ಲಿ ನೆನೆಹಾಕಿ, ಹಸಿರನ್ನೆಲ್ಲ ಉಜ್ಜಿ ತೆಗೆದು, ಬರೀ ನರಗಳ ಜಾಲರಿ ಉಳಿಸಿದೆ. ತೇಗದ ಚೌಕಟ್ಟಿಗೆ ಅಂಟಿಸಿದೆ. ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಕಿಟಕಿ ಮುಚ್ಚಿ ಬಲ್ಬು ಹಾಕಿ ನೋಡಿದೆವು. ಒಂದು ಚೆನ್ನಾಗಿ ಬೆಳಗಿತು. ಇನ್ನೊಂದರ ನಟ್ಟನಡುವೆ ಕಾಸಗಲ ಕಪ್ಪು.

"ಏನ್ ಮಾವ, ಗ್ರಹಣ ಹಿಡಿದಂಗಿದೆ!"

ಎಲೆಯ ಹಿಂಬದಿಯಲ್ಲಿ ಅಂಟು ಚೆಲ್ಲಿ, ಅದಕ್ಕೆ ಮರದ ಪುಡಿ ಹತ್ತಿತ್ತು. ಹಲಗೆಯ ಕೆಲಸದಲ್ಲಿ ಹಿಂಬದಿಯನ್ನು ಯಾರು ನೋಡುತ್ತಾರೆ? ಅದೇ ಅಭ್ಯಾಸದ ಕೈ. ಬೇರೆ ಎಲೆ ಇರಲಿಲ್ಲ.

ಹಲಗೆಯಲ್ಲಿ ಗಂಟು ಬಂದರೆ ನಮ್ಮ ಗುರುಗಳು ಸಿದ್ದಲಿಂಗಸ್ವಾಮಿ ಅದರ ಮೇಲೆ ಚಂದ್ರನನ್ನು ಕೂರಿಸುತ್ತಿದ್ದರು. ನಾನು ಬೀಟೆಯ ತೆಳು ಸೀಳಿನಲ್ಲಿ ಹಕ್ಕಿಯ ಆಕಾರ ಕೊಯ್ದೆ. ಎರಡು ಪದರ ಒಟ್ಟಿಗೆ ಕೊಯ್ಯುವುದು ನಮ್ಮ ರೂಢಿ, ಹಾಗಾಗಿ ಎರಡಾದವು. ಒಂದನ್ನು ಕಲೆಯ ಮೇಲೆ ಕೂರಿಸಿದೆ. ಇನ್ನೊಂದನ್ನು ಜೇಬಿಗೆ ಹಾಕಿಕೊಂಡೆ. ಒಂದು ನರವೂ ಮುರಿಯದ ಎಲೆಯನ್ನು ಮುಚ್ಚಲು ಮನಸ್ಸು ಬರಲಿಲ್ಲ.

"ಡಿಸೈನೇ ಹಿಂಗೆ ಅಂತ ಹೇಳ್ಬುಡಿ ಮಾವ."

"ಹಂಗೆಲ್ಲ ಹೇಳಕ್ಕಾಗಲ್ಲ ಕಣಮ್ಮ."

ಸಂಜೆ ಶ್ರೀರಾಂಪುರಕ್ಕೆ ಹೋಗಿ ತೂಗುಹಾಕಿದೆವು. ಪಂಕಜಮ್ಮನವರು ಆ ಕಡೆ ಈ ಕಡೆ ನೋಡಿದರು.

"ಚಾಮಯ್ಯನವರೇ, ಒಂದರಲ್ಲಿ ಹಕ್ಕಿ ಇದೆ, ಒಂದರಲ್ಲಿಲ್ಲ. ಇನ್ನೊಂದು ಎಲ್ಲಿಗೆ ಹಾರಿಹೋಯ್ತು?"

"ಅಂಟಿನ ಕಲೆ ಮುಚ್ಚಕ್ಕೆ ಕೂರಿಸಿದ್ದು ತಾಯಿ. ನನ್ನದೇ ತಪ್ಪು."

ಅವರು ಸ್ವಿಚ್ಚು ಆರಿಸಿದರು, ಹಾಕಿದರು, ಹತ್ತಿರ ಬಂದು ಕನ್ನಡಕ ಏರಿಸಿದರು. ಸೌಮ್ಯ ಸೆರಗಿನ ತುದಿ ತಿರುಚುತ್ತಿದ್ದಳು.

"ಕಲೆ ಬಿದ್ದಿದ್ದಕ್ಕೆ ಹಕ್ಕಿ ಕೊಟ್ರಿ. ಚೆನ್ನಾಗಿರೋ ಎಲೆ ಏನ್ರೀ ಪಾಪ ಮಾಡ್ತು?" ಎಂದರು ಪಂಕಜಮ್ಮನವರು.

ಜೇಬಿಂದ ಎರಡನೆಯದನ್ನು ತೆಗೆದೆ. ಮೊದಲನೆಯದಕ್ಕೆ ಮುಖ ಕೊಡುವಂತೆ ಮಗುಚಿ ಹಿಡಿದೆ. ಪೊರಕೆ ಕಡ್ಡಿಯ ತುದಿಯಲ್ಲಿ ಚೀಲದಲ್ಲಿದ್ದ ಡಬ್ಬಿಯಿಂದ ಸಾಸಿವೆಯಷ್ಟು ಅಂಟು ತೆಗೆದುಕೊಂಡೆ.

"ಅಷ್ಟು ಸಾಕಾ ಮಾವ?"

"ಸಾಕು ಕಣಮ್ಮ."

ಪಂಕಜಮ್ಮನವರು ನಕ್ಕರು. "ಊಟದ ಮನೆಗೂ ಒಂದು ಜೋಡಿ ಬೇಕಲ್ಲ. ಯಾವಾಗ ಕೊಡ್ತೀರಿ?"

"ಒಂದು ತಿಂಗಳು ಕೊಡಿ ತಾಯಿ. ಎಲೆ ನೆನೀಬೇಕು."