ಹಿಮನದಿಗೆಂದು ಕೊಂಡ ಕೋಟು

ನನಗೊಂದು ಚಿಂತೆಯಿದೆ. ದೊಡ್ಡದೇನಲ್ಲ, ಯಾರಿಗೂ ಹೇಳಿಲ್ಲ. ನನ್ನ ಬಲಗಡೆಯ ಜೇಬಿನ ತಳದಲ್ಲಿ ಒಂದು ತೂತಿದೆ. ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಜೇಬಿಗೆ ಹಾಕಿದ್ದೆಲ್ಲ ಅಲ್ಲಿಂದ ಜಾರಿ, ಉಣ್ಣೆಗೂ ಅಸ್ತರಿಗೂ ನಡುವೆ ಸೇರಿಕೊಳ್ಳುತ್ತದೆ. ಹಾಕಿದವರು ಕಳೆದೇಹೋಯಿತೆಂದು ಹುಡುಕಾಡುತ್ತಾರೆ, ನಾನು ಸುಮ್ಮನಿರುತ್ತೇನೆ. ಈಗ ನನ್ನೊಳಗೆ ಎರಡು ಅಡಿಕೆ, ಒಂದು ಅಂಗಿಯ ಗುಂಡಿ, ಬೆವರಿಗೆ ಅಂಟಿ ಉಂಡೆಯಾದ ಕಲ್ಲುಸಕ್ಕರೆ, ಒಂದು ರುದ್ರಾಕ್ಷಿ ಇವೆ. ಹೆಬ್ಬೆರಳಿನಷ್ಟು ದಪ್ಪದ ಒಂದು ಬೂದುಬಣ್ಣದ ಕಲ್ಲೂ ಇದೆ. ಅದರ ಮೈಮೇಲೆ ಒಂದೇ ದಿಕ್ಕಿಗೆ ಎಳೆದಂತೆ ಗೀರುಗಳಿವೆ. ಉಳಿದವು ಹೇಗೆ ಬಂದವೆಂದು ಬೇಗ ಹೇಳಿ ಮುಗಿಸುತ್ತೇನೆ. ಕಲ್ಲಿನದು ಸ್ವಲ್ಪ ನಿಧಾನ.

ನಾನು ಒಂದು ಉಣ್ಣೆಯ ಕೋಟು. ಬಣ್ಣ ದಾಳಿಂಬೆಯದು, ಈಗ ಒಣಗಿದ ಸಿಪ್ಪೆಯದು ಅನ್ನಬೇಕು. ಹುಟ್ಟಿದ್ದು ಲುಧಿಯಾನದ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ. ನನ್ನನ್ನು ಹೊಲಿದ ಹೆಂಗಸು ಬಲಜೇಬಿನ ತಳಕ್ಕೆ ಬರುವಾಗ ದಾರದ ಉರುಳೆ ಮುಗಿದಿತ್ತು. ಹೊಸ ಉರುಳೆ ಹಾಕಿ ಎರಡೇ ಹೊಲಿಗೆ ಹಾಕಿದಳು, ಮೂರನೆಯದು ಹಾಕಲಿಲ್ಲ. ಊಟದ ಗಂಟೆ ಹೊಡೆದಿತ್ತು. ನನ್ನ ಹಣೆಬರಹ ಅಷ್ಟರಲ್ಲೇ ಬರೆದಾಯಿತು.

ಚಳಿಗಾಲಕ್ಕೆ ಹುಬ್ಬಳ್ಳಿಗೆ ಬಂದು ಫುಟ್‌ಪಾತಿನ ಮೇಲೆ ಸ್ವೆಟರ್ ಮಾರುವ ಟಿಬೇಟಿನ ಅಜ್ಜಿಯೊಬ್ಬಳ ಹಗ್ಗಕ್ಕೆ ನೇತುಬಿದ್ದಿದ್ದೆ. ಹುಬ್ಬಳ್ಳಿಯ ಚಳಿಗೆ ನನ್ನಂಥ ಕೋಟು ಯಾರಿಗೆ ಬೇಕು? ಬಂದವರು ಮುಟ್ಟಿ ನೋಡಿ, “ಅಬಾಬಾ, ಕಂಬಳಿ ಇದ್ದಾಂಗ ಐತಿ” ಎಂದು ನಕ್ಕು, ಮಂಗನಟೊಪ್ಪಿಗೆ ಕೊಂಡು ಹೋಗುತ್ತಿದ್ದರು. ಕೊನೆಗೆ ಒಬ್ಬರು ಟೀಚರು ಬಂದರು. ನೀಲಗಂಗಾ ಟೀಚರು, ಧಾರವಾಡದವರು, ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು. ಕೈಬೆರಳಿಗೆ ಇನ್ನೂ ಸೀಮೆಸುಣ್ಣ ಮೆತ್ತಿತ್ತು.

“ಇದನ್ನ ಹಾಕ್ಕೊಂಡು ಹಿಮನದಿ ಹತ್ರ ನಿಂದರಬಹುದೇನಬೇ?” ಎಂದು ಕೇಳಿದರು.

ಅಜ್ಜಿಗೆ ಹಿಮನದಿ ಎಂಬ ಮಾತು ತಿಳಿಯಲಿಲ್ಲ. ಹಿಮ ತಿಳಿಯಿತು. ನನ್ನ ಕಾಲರನ್ನು ತಟ್ಟಿ ತಲೆಯಾಡಿಸಿದಳು. ನಾನು ಧಾರವಾಡಕ್ಕೆ ಹೋದೆ.

ಟೀಚರು ಹಿಮನದಿಗೆ ಹೋಗಲಿಲ್ಲ. ಆ ವರ್ಷ ಅವರ ತಾಯಿ ಹಾಸಿಗೆ ಹಿಡಿದರು. ಎಂಟು ವರ್ಷ ಹಿಡಿದೇ ಇದ್ದರು. ಆಮೇಲೆ ತಮ್ಮ ತೀರಿಕೊಂಡು, ಅವನ ಮಗಳು ಇವರ ಮನೆಗೆ ಬಂದಳು. ಟೀಚರು ಪ್ರತಿ ದೀಪಾವಳಿಗೆ ನನ್ನನ್ನು ಬಿಸಿಲಿಗೆ ಹಾಕುತ್ತಾ, “ಮುಂದಿನ ವರ್ಷ” ಎನ್ನುತ್ತಿದ್ದರು. ನನಗೋ ಅವರಿಗೋ, ಯಾರಿಗೆ ಹೇಳುತ್ತಿದ್ದರೋ.

ನಾನು ಮಾತ್ರ ಊರೂರು ತಿರುಗಿದೆ. ಅವರ ಓಣಿಯಲ್ಲಿ ಯಾರಿಗೆ ಯಾತ್ರೆ ಬಂದರೂ, ಪ್ರವಾಸ ಬಂದರೂ, “ಟೀಚರ್, ನಿಮ್ಮ ಕೋಟು ಐತೇನ್ರಿ?” ಎಂದು ಬಾಗಿಲಿಗೆ ಬರುತ್ತಿದ್ದರು. ಬದರಿಗೆ ಹೋದೆ. ಹೊಸ ಮದುಮಗಳ ಜೊತೆ ಮನಾಲಿಗೆ ಹೋದೆ. ಗುರಪ್ಪ ಕಾಕಾನ ಹೆಂಡತಿಯ ಮೈಮೇಲೆ ಸ್ವಿಟ್ಜರ್‌ಲೆಂಡಿಗೂ ಹೋದೆ. ಆ ಓಣಿಯ ಏಳೆಂಟು ಮನೆಗಳ ಗೋಡೆಯ ಫೋಟೋದಲ್ಲಿ ಬೇರೆ ಬೇರೆ ಹಿಮದ ಮುಂದೆ, ಬೇರೆ ಬೇರೆ ತಲೆಗಳ ಕೆಳಗೆ ನಾನೇ ನಿಂತಿದ್ದೇನೆ. ಟೀಚರ ಮನೆಯ ಗೋಡೆಯಲ್ಲಿ ಮಾತ್ರ ಇಲ್ಲ.

ಎರವಲು ತಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದಲ್ಲ, ನಮ್ಮ ಕಡೆ ಕೋಟಿಗೂ ಅದೇ ಪದ್ಧತಿ. ಕೊಡುವಾಗ ಜೇಬಿಗೆ ಏನಾದರೂ ಹಾಕುತ್ತಿದ್ದರು. ಅಡಿಕೆ, ಕಲ್ಲುಸಕ್ಕರೆ, ಬದರಿಯ ರುದ್ರಾಕ್ಷಿ. ಎಲ್ಲ ತೂತಿನೊಳಗೆ ಇಳಿದವು, ಯಾರೋ ಕಿತ್ತುಬಂದಾಗ ಜೇಬಿಗಿಟ್ಟ ಅಂಗಿಯ ಗುಂಡಿಯೂ. ಟೀಚರು ಕೈ ಹಾಕಿದರೆ ಜೇಬು ಖಾಲಿ. ಅವರು ಯಾರನ್ನೂ ಕೇಳಲಿಲ್ಲ. “ಮರೆತಿರಬೇಕು, ಪಾಪ” ಎನ್ನುತ್ತಿದ್ದರು. ಒಮ್ಮೆ ಇರುವೆ ಹತ್ತಿದಾಗಲೂ ಇರುವೆಗಳನ್ನೇ ಬೈದರು. ಅಷ್ಟು ಜನರ ಮೇಲೆ ಸುಳ್ಳು ಅಪವಾದ ಹೊರಿಸಿ ಬದುಕಿದ ಬಟ್ಟೆ ನಾನು. ನನಗೆ ಬಾಯಿಲ್ಲ ಎನ್ನುವುದು ನಿಜ. ಆದರೆ ಬಾಯಿ ಇದ್ದಿದ್ದರೆ ಹೇಳುತ್ತಿದ್ದೆನೇ?

ಕೊನೆಗೆ ಅರವತ್ತೇಳನೆಯ ವಯಸ್ಸಿಗೆ, ಎರಡೂ ಮೊಣಕಾಲು ಕಟಕಟ ಎನ್ನುವ ಹೊತ್ತಿಗೆ, ಟೀಚರು ನಾರ್ವೆಗೆ ಹೊರಟರು. ಓಣಿಯವರೂ ನೆಂಟರೂ ಸೇರಿ ಇಪ್ಪತ್ತೆರಡು ಜನರ ತಂಡ. ಅದರಲ್ಲೇ ತಮ್ಮನ ಮಗಳು ಸಂಜೋತಾ.

ಸಂಜೋತಾ ಎಂ.ಎ. ಇಂಗ್ಲಿಷ್ ಓದಿದವಳು. ಎಲ್ಲರ ನಡುವೆ ಇದ್ದೂ ಇರದಂತಿರುವ ಹುಡುಗಿ. ಮಾತು ಬಂದರೆ ಮೊದಲು ಗಂಟಲಿಗೆ ಬರುತ್ತದೆ, ಅಲ್ಲಿಂದ ಹಿಂದಕ್ಕೆ ಹೋಗಿ ಡೈರಿಗೆ ಇಳಿಯುತ್ತದೆ. ಬರೆಯುವಾಗ ತುಟಿ ಅಲುಗಿಸುವ ಅಭ್ಯಾಸ. ಆದ್ದರಿಂದಲೇ ಅವಳ ಡೈರಿ ನನಗೆ ಗೊತ್ತು.

ಫ್ಯೋರ್ಡ್ ಎಂಬ ಕಡಲಕಣಿವೆ ನೋಡಲು ಹೋಗುವ ದಿನ ಬೆಳಿಗ್ಗೆ, ಹೋಟೆಲಿನ ಬಾಗಿಲಲ್ಲಿ ಅವಳು ತೆಳ್ಳನೆಯ ಜಾಕೆಟ್ಟಿನಲ್ಲಿ ಗಡಗಡ ನಡುಗುತ್ತಿದ್ದಳು. ಟೀಚರು ಆಗತಾನೇ ನನ್ನನ್ನು ಹಾಕಿಕೊಂಡಿದ್ದರು. ಇಪ್ಪತ್ತೊಂದು ವರ್ಷದ ಮೇಲೆ ಮೊದಲ ಸಲ! ನಾನು ಅವರ ಹೆಗಲಿಗೆ ಇನ್ನೂ ಸರಿಯಾಗಿ ಕೂತಿರಲಿಲ್ಲ. ಅಷ್ಟರಲ್ಲಿ ಬಿಚ್ಚಿದರು.

“ಹಾಕ್ಕೋ.”

“ಅತ್ತಿ, ಬ್ಯಾಡ್ರಿ. ಇದು ನಿಮ್ದು.”

“ನನಗ ಎರಡು ಸ್ವೆಟರ್ ಅದಾವು, ಶಾಲು ಐತಿ. ಕೋಟಿಗೇನ್ ಗೊತ್ತವಾ, ಯಾರದು ಅಂತ?”

ನನಗೆ ಗೊತ್ತಿತ್ತು.

ಆ ದಿನ ತಂಡದ ಮ್ಯಾನೇಜರ್ ಹಲ್ಲುನೋವಿನಿಂದ ಹೋಟೆಲಿನಲ್ಲೇ ಉಳಿದ. “ಗೈಡ್ ಇಂಗ್ಲಿಷಿನ್ಯಾಗ ಹೇಳ್ತಾಳ. ನಿಮ್ಮ ಹತ್ರ ಎಂ.ಎ. ಅದಾರಲ್ರಿ” ಎಂದು ಊದಿದ ಗಲ್ಲ ಹಿಡಿದುಕೊಂಡೇ ಸಂಜೋತಾಳನ್ನು ತೋರಿಸಿದ. ಎಲ್ಲರೂ ತಿರುಗಿ ನೋಡಿದರು. ನನ್ನ ಜೇಬಿನೊಳಗೆ ಅವಳ ಕೈ ಮುಷ್ಟಿಯಾಯಿತು. ಬಸ್ಸಿನಲ್ಲಿ ಅವಳು ಬರೆದದ್ದು ಇಷ್ಟೇ: ‘ಓದಿದರೆ ನನಗೆ ತಿಳಿಯುತ್ತದೆ. ಇಲ್ಲಿಯವರು ಇಂಗ್ಲಿಷ್ ಮಾತಾಡಿದರೆ ತಿಳಿಯುವುದಿಲ್ಲ. ಇದನ್ನು ಅತ್ತೆಗೆ ಹೇಳಿಲ್ಲ. ಆರು ವರ್ಷ ಓದಿಸಿದ್ದಾರೆ.’

ಗೈಡಿನ ಹೆಸರು ರಾಗ್ನಿಲ್. ನಮ್ಮವರು ಹತ್ತು ನಿಮಿಷದಲ್ಲಿ ಅವಳನ್ನು ರಾಗಿಣಿಬಾಯಿ ಮಾಡಿದರು. ಎತ್ತರದ ಹೆಂಗಸು, ನಗುಮುಖ. ಬೋಟು ಹೊರಟಿತು. ಎರಡೂ ಕಡೆ ಕಪ್ಪು ಬಂಡೆಗಳು ನೀರಿನಿಂದ ನೇರ ಎದ್ದು ಮೋಡದೊಳಗೆ ತಲೆ ಹುದುಗಿಸಿದ್ದವು. ನೀರು ಅಲುಗದೆ ಬಿದ್ದಿತ್ತು. ರಾಗಿಣಿಬಾಯಿ ಮೈಕು ಹಿಡಿದು ಮಾತಾಡಿದಳು. ಅವಳ ಇಂಗ್ಲಿಷು ಏರಿ ಇಳಿದು ಹಾಡಿನಂತೆ ಹರಿಯಿತು. ನಡುವೆ ಎಂಜಿನ್ನು, ಗಾಳಿ. ಸಂಜೋತಾಳ ಕಿವಿಗೆ ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿತು. ಬೆಟ್ಟ. ವರ್ಷ. ನೀರು.

“ಏನಂದ್ಲವಾ?” ಗುರಪ್ಪ ಕಾಕಾ ಕೇಳಿದ. ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದವನು, ಎಂಜಿನ್ನಿನ ಸದ್ದನ್ನೂ ಮೀರಿಸುವ ಗಂಟಲು.

ಸಂಜೋತಾ ಬಂಡೆಯ ಕಡೆ ಕೈ ತೋರಿಸಿದಳು. “ಸಾವಿರಾರು ವರ್ಷದ ಹಿಂದ ಭೂಕಂಪ ಆಗಿ, ಗುಡ್ಡ ಸೀಳಿ, ನೀರು ಬಂತಂತ.”

“ಅಲಾ! ಆಕಿ ಅಷ್ಟುದ್ದ ಹೇಳಿದ್ಲು, ನೀ ಇಷ್ಟಽ ಹೇಳಿದೆಲ್ಲವಾ! ಉಳಿದಿದ್ದು ಡೈರಿಯೊಳಗ ಇಟ್ಕೊಂಡಿ ಏನ?”

ಎಲ್ಲರೂ ನಕ್ಕರು. ನಾಚಿಕೆಗೆ ಅವಳು ಇನ್ನೊಂದಿಷ್ಟು ಸೇರಿಸಿದಳು. ಒಬ್ಬ ರಾಜ, ಅವನ ಏಳು ಹೆಣ್ಣುಮಕ್ಕಳು, ಏಳು ಜಲಪಾತ. ಜನ “ಹೌದಾ!” ಎಂದು ಬಾಯ್ದೆರೆದರು. ಟೀಚರು ಮಾತ್ರ ಬಂಡೆಯನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಅದೇ ಬಂಡೆ ಬರೆದವರು. ಎಂಟನೆಯ ತರಗತಿಯಲ್ಲಿ ಸಂಜೋತಾ ಅವರದೇ ಎರಡನೇ ಬೆಂಚಿನಲ್ಲಿ ಕೂತು ಇದೇ ಪಾಠ ಬರೆದುಕೊಂಡಿದ್ದಳು: ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫ್ಯೋರ್ಡ್.

ಸ್ವಲ್ಪ ಹೊತ್ತಿನ ಮೇಲೆ ಟೀಚರು ಮೆಲ್ಲಗೆ ಅಂದರು: “ಭೂಕಂಪ ಅಲ್ಲವಾ, ಹಿಮನದಿ. ಸಾವಕಾಶ ಜರುಗತಾ ಕಲ್ಲನ್ನೂ ತನ್ನ ಜೋಡಿ ಎಳಕೊಂಡು ಹೋಗತೈತಿ. ಪಾಟಿ ಮ್ಯಾಲೆ ಬಳಪ ಎಳದಾಂಗ ಕಲ್ಲಿನ ಮೈಮ್ಯಾಲೆ ಗೀರು ಬೀಳ್ತಾವು. ಅದನ್ನ ನೋಡಬೇಕು ನಾ.” ಆಮೇಲೆ ಗೈಡಿನ ಕಡೆ ನೋಡಿ, “ಪಾಪ, ರಾಗಿಣಿಬಾಯಿಗೆ ಭೂಗೋಳ ಬರೂದಿಲ್ಲ ಕಾಣತೈತಿ” ಎಂದರು.

ಅವರಿಗೆ ತಿಳಿದಿತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಸಂಜೋತಾಳ ಬೆರಳು ನನ್ನ ತೂತನ್ನು ಹುಡುಕಿಕೊಂಡು ಒಳಗೆ ಇಳಿಯಿತು. ಅಡಿಕೆ ತಾಗಿತು, ರುದ್ರಾಕ್ಷಿ ತಾಗಿತು. ಅವಳು ಬೆಚ್ಚಿದಳು, ಆದರೆ ಬೆರಳು ತೆಗೆಯಲಿಲ್ಲ. ನಾವಿಬ್ಬರೂ ಅಡಗಿಸಿಟ್ಟುಕೊಳ್ಳುವವರು, ಆ ಹೊತ್ತಿಗೆ ಒಬ್ಬರ ಗುಟ್ಟು ಒಬ್ಬರಿಗೆ ತಿಳಿಯಿತು.

ಹನ್ನೆರಡರ ಸುಮಾರಿಗೆ ನಮ್ಮವರು ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು. ಬೋಟಿನ ತುಂಬ ಬೆಳ್ಳುಳ್ಳಿಯ ವಾಸನೆ. ಅದೇ ಹೊತ್ತಿಗೆ ಬೋಟು ಒಂದು ಸಣ್ಣ ಕಟ್ಟೆಗೆ ತಾಗಿ ನಿಂತಿತು. ರಾಗಿಣಿಬಾಯಿ ಮೈಕಿನಲ್ಲಿ ಏನೋ ಹೇಳಿದಳು. ಕೋಲು ಹಿಡಿದ ಏಳೆಂಟು ಪರದೇಶಿಗಳು ಎದ್ದು ಇಳಿದರು. ಅವಳು ನಮ್ಮವರ ಹತ್ತಿರ ಬಂದು, ಟೀಚರ ಮುಂದೆ ಬಾಗಿ, ಕಟ್ಟೆಯ ಕಡೆ ಕೈ ಮಾಡಿ ಕೇಳಿದಳು.

ಟೀಚರು ಸಂಜೋತಾಳ ಮುಖ ನೋಡಿದರು. “ಏನಂತಾಳ?”

ಇಪ್ಪತ್ತು ಬಾಯಿಗಳು ರೊಟ್ಟಿ ಕಡಿಯುವುದನ್ನು ನಿಲ್ಲಿಸಿ ಕಾದವು. ಇನ್ನೊಮ್ಮೆ ಹೇಳಿ ಎಂದು ಕೇಳಿದ್ದರೆ ಆಗುತ್ತಿತ್ತು. ಎಂ.ಎ. ಓದಿದವಳು ಹಾಗೆ ಕೇಳುವುದು ಹೇಗೆ?

“ಇಲ್ಲಿ ನಾವು ಇಳಿಯೂದಿಲ್ಲಂತ. ಬರೇ ಫೋಟೋ ತಕ್ಕೋರಿ ಅಂತಾಳ.”

ಅವಳು ಗೈಡಿಗೆ ಬೇಡವೆಂದು ತಲೆಯಾಡಿಸಿದಳು. ಬೋಟು ಹಗ್ಗ ಬಿಚ್ಚಿತು. ಟೀಚರು ಬೆರಳು ಒರೆಸಿಕೊಂಡು ಫೋಟೋ ತೆಗೆದರು. ಫೋಟೋದಲ್ಲಿ ಒಂದು ಕಟ್ಟೆ, ಒಂದು ಬೆಂಚು, ಮೇಲಕ್ಕೆ ಹೋಗುವ ಒಂದು ಕಾಲುದಾರಿ.

ಊಟವಾದ ಮೇಲೆ ಸಂಜೋತಾ ಬೋಟಿನಲ್ಲಿ ಹಂಚಿದ್ದ ಕಾಗದವನ್ನು ನನ್ನ ಎಡಜೇಬಿನಿಂದ ತೆಗೆದು ಓದಿದಳು. ಓದಿದರೆ ಅವಳಿಗೆ ಎಲ್ಲ ತಿಳಿಯುತ್ತದೆ. ಆ ಕಟ್ಟೆಯಿಂದ ಸಮದಾರಿಯಲ್ಲಿ ಕಾಲು ಗಂಟೆ ನಡೆದರೆ ಹಿಮನದಿಯ ಅಂಚು. ಇಳಿದವರನ್ನು ಐದು ಗಂಟೆಗೆ ಬಸ್ಸು ಊರಿಗೆ ಒಯ್ಯುತ್ತದೆ. ಮರಳುವಾಗಲೂ ಬೋಟು ಅದೇ ದಾರಿಯಲ್ಲಿ ಬರುತ್ತದೆ. ಇಳಿಯುವವರು ಇದ್ದೇವೆಂದು ಮೊದಲೇ ಹೇಳಿದರೆ ಮಾತ್ರ ಕಟ್ಟೆಗೆ ನಿಲ್ಲುತ್ತದೆ.

ಕಾಗದವನ್ನು ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು. ಡೈರಿ ತೆಗೆದಳು, ಪೆನ್ನಿನ ಟೊಪ್ಪಿ ಕಚ್ಚಿ ಹಿಡಿದಳು, ಬರೆಯಲಿಲ್ಲ. ಬೋಟು ಫ್ಯೋರ್ಡಿನ ತುದಿ ಮುಟ್ಟಿ ತಿರುಗಿತು. ಟೀಚರು ಕಿಟಕಿಗೆ ಹಣೆ ಹಚ್ಚಿ, ಶಾಲು ಬಿಗಿಯಾಗಿ ಸುತ್ತಿಕೊಂಡು, ಎಲ್ಲಾದರೂ ಬಿಳಿ ಕಾಣುತ್ತದೆಯೇ ಎಂದು ನೋಡುತ್ತಿದ್ದರು.

“ಹಿಮನದಿ ಬೋಟಿನಿಂದ ಕಾಣೂದಿಲ್ಲೇನೋ” ಎಂದರು. “ಇರಲಿ. ಇಲ್ಲೀತನಕ ಬಂದ್ನೆಲ್ಲಾ, ಅಷ್ಟಽ ಸಾಕು.”

ನನಗೆ ಆ “ಸಾಕು” ಗೊತ್ತು. ಪ್ರತಿ ದೀಪಾವಳಿಯ ಬಿಸಿಲಲ್ಲಿ ಅದು “ಮುಂದಿನ ವರ್ಷ” ಎಂದು ಕೇಳಿಸುತ್ತಿತ್ತು.

ದೂರದಲ್ಲಿ ಕಟ್ಟೆ ಕಂಡಿತು. ಖಾಲಿ ಬೆಂಚು ಕಂಡಿತು. ಸಂಜೋತಾ ನನ್ನನ್ನು ಬಿಚ್ಚಿದಳು. ಟೀಚರ ಹೆಗಲಿಗೆ ಹೊದಿಸಿ, ಒಂದೊಂದೇ ತೋಳು ತೂರಿಸಿ, ಗುಂಡಿ ಹಾಕಿದಳು. ಟೀಚರು, “ಇದೇನವಾ, ಈಗ?” ಎಂದರು. ಅವಳು ಎದ್ದು ನಿಂತಳು. ಗುರಪ್ಪ ಕಾಕಾ ಕಣ್ಣು ಬಿಟ್ಟ. “ಬಂತ ನೋಡ್ರಿ, ಎಂ.ಎ.ದು ಭಾಷಣ!”

ನಾನೀಗ ಟೀಚರ ಕಬ್ಬಿಣದ ಕಪಾಟಿನಲ್ಲಿದ್ದೇನೆ. ಎಡಬಲಕ್ಕೆ ಡಾಂಬರುಗುಳಿಗೆ. ಮೈಯೆಲ್ಲ ಗಂಟುಗಂಟಾಗಿದೆ, ಕಾಲರು ಸವೆದಿದೆ. ಓಣಿಯವರೆಲ್ಲ ಹಗುರಾದ ಹೊಸ ಕೋಟು ಕೊಂಡಿದ್ದಾರೆ. ನನ್ನನ್ನು ಯಾರೂ ಕೇಳುವುದಿಲ್ಲ, ಒಳ್ಳೆಯದೇ ಆಯಿತು. ಸಾಕಾಗಿದೆ ನನಗೆ. ಗೋಡೆಯ ಮೇಲೆ ಕೊನೆಗೂ ಒಂದು ಫೋಟೋ ಇದೆಯಂತೆ; ಕಪಾಟಿನ ಬಾಗಿಲು ಮುಚ್ಚಿರುವುದರಿಂದ ನಾನು ನೋಡಿಲ್ಲ. ಕಲ್ಲು ಮಾತ್ರ ನನ್ನೊಳಗೇ ಇದೆ. ಆ ಸಂಜೆ ಹಿಮನದಿಯ ಅಂಚಿನಲ್ಲಿ ಟೀಚರು ಅದನ್ನು ತಮ್ಮ ಕೈಯಾರೆ ಹೆಕ್ಕಿ, ಗೀರಿನ ಮೇಲೆ ಹೆಬ್ಬೆರಳು ಆಡಿಸಿ, ನನ್ನ ಬಲಜೇಬಿಗೆ ಹಾಕಿದ್ದು. ಮನೆಗೆ ಬಂದು ಹುಡುಕಿದರು, ಸಿಗಲಿಲ್ಲ. ನಾನು ಇನ್ನೂ ಹೇಳಿಲ್ಲ. ನನ್ನಿಂದ ಆಗದ ಕೆಲಸವನ್ನು ಆ ಹುಡುಗಿ ಅಂದು ಇಪ್ಪತ್ತೊಂದು ಜನರ ಎದುರು ಮಾಡಿದಳು. ಒಂದು ಕೈಯಲ್ಲಿ ನನ್ನ ತೋಳು ಹಿಡಿದುಕೊಂಡಿದ್ದಳು. ಗಂಟಲಿಗೆ ಬಂದ ಮಾತು ಈ ಸಲ ಹಿಂದಕ್ಕೆ ಹೋಗಲಿಲ್ಲ.

“ಅತ್ತಿ, ರಾಗಿಣಿಬಾಯಿದು ತಪ್ಪಿಲ್ಲ. ನನಗ ಆಕಿ ಮಾತು ತಿಳಿಯೂದಿಲ್ಲ. ಮುಂಜಾನಿಂದ ಎಲ್ಲಾ ನಾನಽ ಕಟ್ಟಿ ಹೇಳೀನಿ.”