ಬಿರುಕಿನ ಮೇಲೆ ಕಣ್ಣು

ಹಿಮ ಜಾರಿ ಬಂದು ಸ್ಕೀ ಇಳಿಜಾರನ್ನು ನುಂಗಿದಾಗ ನನ್ನ ಗಂಡ ಸೆಲ್ಸೊ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಕೆಳಗಿನ ಕಂಬದ ಹತ್ತಿರ, ಅದರ ಗಾಲಿಗಳಿಗೆ ಕಟ್ಟಿದ ಮಂಜುಗಡ್ಡೆ ಕೆತ್ತುತ್ತಿದ್ದ. ನಾನು ರಕ್ಷಣಾ ದಳದವಳು. ಓಡಿ ಬರುವಷ್ಟರಲ್ಲಿ ಕಂಬವೇ ಇರಲಿಲ್ಲ. ಅವನ ಜೊತೆಗೆ, ಲಿಫ್ಟಿಗೆ ಕಾಯುತ್ತಿದ್ದ ಕೆಲವರೂ ಹೂತುಹೋಗಿದ್ದರು.

ಬೆಟ್ಟದ ಅರ್ಧ ಹಿಮ ಇನ್ನೂ ಮೇಲೆಯೇ ನಿಂತಿತ್ತು. ಅದರ ಉದ್ದಕ್ಕೂ ಒಂದು ಬಿರುಕು. ದಳದ ಮುಖ್ಯಸ್ಥ ಎವಾರಿಸ್ತೊ ನನ್ನ ಕೈಗೆ ಸೀಟಿ ತುರುಕಿದ.

"ಮಾಲ್ವಿನಾ, ಕಾವಲು ನಿಂದು. ಬಿರುಕು ಅಲುಗಿದ್ರೆ ಊದು."

"ನಾನು ಅಗೀತೀನಿ ಅಣ್ಣ. ಒಳಗಿರೋನು ನನ್ನ ಗಂಡ."

"ಅದಕ್ಕೇ ನಿಂಗೆ ಸಲಿಕೆ ಕೊಡಲ್ಲ. ಆಮೇಲೆ ಎಳೆದ್ರೂ ಬರಲ್ಲ ನೀನು. ಮೇಲೆ ನೋಡು, ಕೆಳಗೆ ನೋಡ್ಬೇಡ."

ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲು ಬದಲಿಸಿದೆ, ಕೈಗವಸು ತೆಗೆದೆ, ಮತ್ತೆ ಹಾಕಿದೆ. ಕೆಳಗೆ ಹೂತವರನ್ನು ಹುಡುಕಲು ಹಿಮಕ್ಕೆ ಉದ್ದನೆಯ ಸಲಾಕೆಗಳನ್ನು ಚುಚ್ಚುತ್ತ ಜನ ಸಾಲಾಗಿ ಸಾಗುತ್ತಿದ್ದುದು ಕಣ್ಣಂಚಿಗೆ ಕಾಣುತ್ತಿತ್ತು. ಪಕ್ಕದ ಹೋಟೆಲಿನ ಅಡುಗೆಯವರು ಸಲಿಕೆ ಸಿಗದೆ ತಟ್ಟೆಗಳಲ್ಲೇ ಹಿಮ ತೋಡುತ್ತಿದ್ದ ಸದ್ದು ಕೇಳುತ್ತಿತ್ತು. ಬಿರುಕಿನಿಂದ ಕಣ್ಣು ಕೀಳಲಿಲ್ಲ.

"ಸಿಕ್ತು! ಇಲ್ಲಿ ಯಾರೋ ಇದಾರೆ!" ಯಾರೋ ಕೂಗಿದರು. "ಕಂಬ ಇದ್ದ ಜಾಗದ ಹತ್ರಾನೇ!"

ಕಂಬದ ಹತ್ತಿರ. ಅಂದರೆ ಸೆಲ್ಸೊ.

ಅದೇ ಹೊತ್ತಿಗೆ ಬಿರುಕು ಅಗಲವಾಯಿತು. ಹೆಚ್ಚೇನಲ್ಲ, ಬಾಗಿಲು ತುಸು ಸರಿದ ಹಾಗೆ. ಸೀಟಿ ತುಟಿಗೆ ಅಂಟಿತ್ತು. ಊದಿದೆ.

ಎಲ್ಲರೂ ಸಲಿಕೆ ಬಿಸಾಡಿ ಓಡಿದರು. ಒಬ್ಬ ಅಡುಗೆಯವನು ಓಡುತ್ತಲೇ ನನಗೆ ಬೈದ: "ನಿನ್ ಬಾಯಿಗೆ ಮಣ್ಣು ಬೀಳ! ಕೈಗೆ ಸಿಕ್ಕಿತ್ತಲ್ಲೇ!" ಹಿಮ ಗುಡುಗುತ್ತ ಇಳಿಯಿತು. ಅಗೆದ ಗುಂಡಿಯ ಅರ್ಧ ಮುಚ್ಚಿ ನಿಂತಿತು. ಮೇಲೆ ಬಂಡೆ ಬರಿದಾಯಿತು; ಇನ್ನು ಜಾರಲು ಹಿಮ ಉಳಿದಿರಲಿಲ್ಲ.

ಆಗ ನನ್ನನ್ನು ಯಾರೂ ತಡೆಯಲಿಲ್ಲ. ಬರಿಗೈಯಲ್ಲೇ ತೋಡಿದೆ. ಮೊದಲು ಸಿಕ್ಕಿದ್ದು ನೀಲಿ ಕೋಟಿನ ತೋಳು, ಆಮೇಲೆ ಹೆಂಗಸಿನ ಮುಖ. ರೊಸಾರಿಯೊ ನಗರದಿಂದ ರಜೆಗೆ ಬಂದವಳು. ಉಸಿರಾಡುತ್ತಿದ್ದಳು. ಎಲ್ಲರೂ ಕೂಗಿ ಕುಣಿದರು. ನಾನು ಅವಳನ್ನು ದಾಟಿ ಪಕ್ಕದಲ್ಲಿ ಅಗೆಯತೊಡಗಿದೆ.

ಸೆಲ್ಸೊ ಸಿಕ್ಕಿದ್ದು ಸಂಜೆ, ಬಹಳ ಕೆಳಗೆ. ಉಸಿರಿರಲಿಲ್ಲ.

"ನೀನು ಊದದೇ ಇದ್ದಿದ್ರೆ ಗುಂಡೀಲಿದ್ದ ನಾವ್ಯಾರೂ ಇರ್ತಿರ್ಲಿಲ್ಲ ಕಣೇ," ಎಂದ ಎವಾರಿಸ್ತೊ.

"ಗುಂಡೀಲಿ ಸಿಕ್ಕಿದ್ದು ಅವನೇ ಅಂದ್ಕೊಂಡೇ ಊದಿದ್ದು, ಅಣ್ಣ."

ಬೈದಿದ್ದ ಅಡುಗೆಯವನು 'ಮಾತೆ' ಎಂಬ ಎಲೆಯ ಬಿಸಿ ಕಷಾಯ ತಂದು, ತಲೆ ತಗ್ಗಿಸಿ ನಿಂತ. ಕುಡಿಯಲಾಗಲಿಲ್ಲ. ಸೆಲ್ಸೊನ ಬೂಟುಗಳ ತುಂಬ ಹಿಮವಿತ್ತು. ಬೆರಳು ಹಾಕಿ ಅದನ್ನು ತೆಗೆಯುತ್ತ ಕೂತೆ.