ತಪ್ಪು ನಂದೇ ಅಣ್ಣಾ

ತರೀಕೆರೆಯ ಆ ಖಾಸಗಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಬಾಗಿಲಿಗೆ ಎದುರಾಗಿ ಕೂರುತ್ತಿದ್ದವರು ಮ್ಯಾನೇಜರ್ ಓಂಕಾರಮೂರ್ತಿ. ಆದರೂ ಮಣ್ಣಿನ ಗಂಟು ಹಿಡಿದು ಬಂದ ರೈತರು ಅವರಿಗೆ ಕೈಮುಗಿದು ಕೇಳುತ್ತಿದ್ದುದು ಒಂದೇ ಮಾತು: "ವನಜಕ್ಕ ಇಲ್ವಾ ಸಾ?" ಇಲ್ಲವೆಂದರೆ ಬೆಂಚಿನ ಮೇಲೆ ಕುಳಿತು ಕಾಯುತ್ತಿದ್ದರು. ಊರೂರು ಅಲೆದು ಕೊನೆಗೆ ಅಲ್ಲಿ ಜೀಪಿನ ಚಾಲಕನಾಗಿ ಸೇರಿದ್ದ ನಾನು, ಆ ಪ್ರಶ್ನೆ ಕೇಳಿಸಿಕೊಳ್ಳುವ ಮುಖವನ್ನು ನಿತ್ಯವೂ ನೋಡುತ್ತಿದ್ದೆ.

ಒಳಗಿನ ಕೋಣೆಯಲ್ಲಿ ಮಣ್ಣು ಪರೀಕ್ಷಿಸುವವಳು ವನಜಾಕ್ಷಿ. ಗಂಟು ಕಟ್ಟಿ ತಂದ ಬಟ್ಟೆಯನ್ನು ಆಕೆ ಎಸೆಯುತ್ತಿರಲಿಲ್ಲ. ವರದಿಗೆ ಅದನ್ನೇ ಸುತ್ತಿ ಇಡುತ್ತಿದ್ದಳು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೂ, ಇಬ್ಬರ ಮನೆಯ ಹಳೆಯ ಸೀರೆ ಒಂದೇ ಆಗಿರುವುದಿಲ್ಲ ಎನ್ನುತ್ತಿದ್ದಳು.

ಆಕೆ ರಜೆಯಲ್ಲಿದ್ದ ದಿನ ಶಿವನಿ ಊರಿನ ತಿಪ್ಪೇಶ ತನ್ನ ವರದಿ ಒಯ್ಯಲು ಬಂದ. ಓಂಕಾರಮೂರ್ತಿ ಅಂದು ಅವನನ್ನು ಕಾಯಲು ಬಿಡಲಿಲ್ಲ. "ನಾನೇನು ಇಲ್ಲಿ ಬಾಗ್ಲು ಕಾಯೋಕೆ ಕೂತಿದೀನೇನಯ್ಯಾ?" ಎಂದು ತಾವೇ ಒಳಹೋಗಿ, ಬಟ್ಟೆ ಬಿಚ್ಚಿ, ಹೆಸರು ಓದಿ ವರದಿ ಕೊಟ್ಟರು. ಅದು ಅದೇ ಊರಿನ ಇನ್ನೊಬ್ಬ ತಿಪ್ಪೇಶನದು; ಹೊಲಕ್ಕೆ ಸುಣ್ಣ ಹಾಕಬೇಕೆಂದು ಅದರಲ್ಲಿತ್ತು.

ಮರುದಿನ, ಬಂದು ಹೋದವನ ಮನೆಯ ಬಟ್ಟೆಯೇ ಉಳಿದ ವರದಿಗೆ ಸುತ್ತಿರುವುದು ಕಂಡೊಡನೆ ವನಜಾಕ್ಷಿಗೆ ತಿಳಿಯಿತು. ನನ್ನೆದುರೇ ಫೋನ್ ಮಾಡಿದಳು.

"ತಿಪ್ಪೇಶಣ್ಣಾ, ಸುಣ್ಣ ಹಾಕ್ಬಿಟ್ರಾ?"

"ನಾಳೆ ಹಾಕನ ಅಂತಿದ್ದೆ ಕಣಕ್ಕ."

"ಹಾಕ್ಬೇಡಿ. ನಿಮ್ದು ಎರೆ ಹೊಲ, ಸುಣ್ಣ ಬಿದ್ರೆ ಕೆಟ್ಟೋಗುತ್ತೆ. ಚೀಟಿ ಬದಲಾಗಿದೆ. ತಪ್ಪು ನಂದೇ ಅಣ್ಣಾ."

"ನಿಂದ್ಯಾಕಮ್ಮ?" ಎಂದೆ, ಆಕೆ ಫೋನ್ ಇಟ್ಟ ಮೇಲೆ.

"ಸಾರ್ ಹೆಸರು ಹೇಳಿದ್ರೆ ನಾಳೆಯಿಂದ ಅವ್ರಿಗೆ ಯಾರು ಕೈ ಮುಗೀತಾರೆ? ಸುಮ್ನಿರಿ."

ವಾರದ ನಂತರ ಮುಖ್ಯ ಕಚೇರಿಯ ಅಧಿಕಾರಿ ಬಂದಿದ್ದಾಗಲೇ ತಿಪ್ಪೇಶ ಈರುಳ್ಳಿ ಚೀಲ ಹೊತ್ತು ತಂದ. "ಚೀಟಿ ತಪ್ಪಾಗಿತ್ತಂತೆ ಸಾ. ವನಜಕ್ಕ ತಾನೇ ಫೋನ್ ಮಾಡಿ, ತಪ್ಪು ನಂದೇ ಅಂತ ಒಪ್ಕಂಡ್ಲು. ಇಂಥೋರು ಎಲ್ಲಿ ಸಿಕ್ತಾರೆ ಹೇಳಿ!" ಅವನು ಹೊಗಳಲೆಂದೇ ಬಂದಿದ್ದ.

"ನಿಜವೇನ್ರಿ?" ಅಧಿಕಾರಿ ಮ್ಯಾನೇಜರರತ್ತ ತಿರುಗಿದರು.

ಓಂಕಾರಮೂರ್ತಿ ಮೇಜಿನ ಮೇಲಿದ್ದ ಪೆನ್ನನ್ನು ಸ್ವಲ್ಪ ಸರಿಸಿದರು. "ಅವ್ರೇ ಒಪ್ಕೊಂಡಿದಾರಲ್ಲ ಸಾರ್."

ವನಜಾಕ್ಷಿ ನನ್ನ ಕಡೆ ನೋಡಿದಳು. ನಾನು ಈರುಳ್ಳಿ ಚೀಲವನ್ನು ನೋಡುತ್ತ ನಿಂತೆ.

ಆಕೆಯನ್ನು ಕಡೂರಿಗೆ ವರ್ಗ ಮಾಡಿದರು. ಅಲ್ಲಿ ಪರೀಕ್ಷೆಯಿಲ್ಲ, ಗೊಬ್ಬರದ ಮಾರಾಟ ಮಾತ್ರ. ಬಿಲ್ ಬರೆಯುವ ಕೆಲಸ. ಬಸ್ ನಿಲ್ದಾಣಕ್ಕೆ ಬಿಡಲು ಹೋದಾಗ ಆಕೆ ಹೇಳಿದ್ದು ಇಷ್ಟೇ: "ಬಟ್ಟೆ ಬಿಸಾಕ್ಬೇಡಿ ಅಂತ ಸಾರ್‌ಗೆ ಹೇಳಿ." ಅದನ್ನೂ ನಾನು ಹೇಳಲಿಲ್ಲ.

ಮೊನ್ನೆ ಅಮೃತಾಪುರದ ಮುದುಕಿ ಕಾಂತಮ್ಮ ಗಂಟು ಹಿಡಿದು ಬಂದಳು. "ವನಜಕ್ಕ ಇಲ್ವೇನಪ್ಪಾ?"

"ಕೊಡಿ ಅಜ್ಜಿ, ನಾನೇ ನೋಡ್ತೀನಿ," ಎಂದು ಓಂಕಾರಮೂರ್ತಿ ಎದ್ದು ನಿಂತು ಎರಡೂ ಕೈ ಚಾಚಿದರು. ಅವರ ದನಿ ಬೇಡುವಂತಿತ್ತು.

ಮುದುಕಿ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಇರ್ಲಿ ಬಿಡಪ್ಪ. ಕಡೂರಿಗೇ ಹೋಗ್ಬತ್ತೀನಿ."

ಹೊರಗೆ ಬಂದು ಕಡೂರಿನ ಬಸ್ಸು ಎಷ್ಟು ಹೊತ್ತಿಗೆಂದು ನನ್ನನ್ನು ಕೇಳಿದಳು. ಹೊತ್ತು ಹೇಳಿದೆ. ಅಲ್ಲಿ ವನಜಾಕ್ಷಿಯ ಕೈಗೆ ಮಣ್ಣು ಸಿಗುವುದಿಲ್ಲವೆಂದು ಮಾತ್ರ ಹೇಳಲಿಲ್ಲ.